ನಿವೃತ್ತ ಗ್ರೇಹೌಂಡ್ ದತ್ತು ಸೇವೆ: ಹದಿನಾಲ್ಕು ತಿಂಗಳ ನಂತರ ಬರೆದ ವಿಮರ್ಶೆ

ಮುಗಿಲು ನಮ್ಮ ಮನೆಗೆ ಬಂದು ಹದಿನಾಲ್ಕು ತಿಂಗಳಾದವು. ಬಂದಾಗ ಅವಳಿಗೆ ನಾಲ್ಕು ವರ್ಷ. ಬೂದುಬಣ್ಣದ ಹೆಣ್ಣು ಗ್ರೇಹೌಂಡ್, ರೇಸ್‌ನ ಓಟ ಮುಗಿಸಿದವಳು, ಓಟ ಬಿಡುವವರೆಗೆ ಯಾವ ಮನೆಯ ಹೊಸ್ತಿಲನ್ನೂ ದಾಟಿದವಳಲ್ಲ. ಅವಳನ್ನು ನಮಗೆ ದತ್ತು ಕೊಟ್ಟ ಸಂಸ್ಥೆಯ ಸೇವೆಯನ್ನು ಕುರಿತು ಮೊದಲ ವಾರದಲ್ಲಿಯೇ ಬರೆದಿದ್ದರೆ ನಾನು ಹೊಗಳಿಕೆಯನ್ನಷ್ಟೇ ಬರೆಯುತ್ತಿದ್ದೆ. ಆರನೆಯ ವಾರದಲ್ಲಿ ಬರೆದಿದ್ದರೆ ಬರಿಯ ದೂರು ಇರುತ್ತಿತ್ತು. ಇವೆರಡೂ ಪೂರ್ತಿ ನಿಜವಾಗುತ್ತಿರಲಿಲ್ಲ. ಇಂಥ ಸೇವೆಯಲ್ಲಿ ನಮ್ಮ ಕೈಗೆ ಬರುವುದು ನಾಯಿ ಮಾತ್ರವಲ್ಲ, ಆ ನಾಯಿಯ ಹಿಂದಿನ ಬದುಕಿನ ತಿಳಿವಳಿಕೆಯೂ ಹೌದು. ಅದರಲ್ಲಿ ಸಂಸ್ಥೆಯವರಿಗೆ ಎಷ್ಟು ಗೊತ್ತಿತ್ತು, ಗೊತ್ತಿದ್ದುದರಲ್ಲಿ ಎಷ್ಟನ್ನು ನಮಗೆ ದಾಟಿಸಿದರು, ಗೊತ್ತಿಲ್ಲದೆ ಉಳಿದದ್ದು ಎದುರಾದಾಗ ನಮ್ಮ ಜೊತೆ ಎಷ್ಟು ದಿನ ನಿಂತರು ಎಂಬ ಮೂರು ಪ್ರಶ್ನೆಗಳಿಂದಲೇ ನಾನು ಈ ಸೇವೆಯನ್ನು ಅಳೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಇಲ್ಲಿ ಹೇಳುವ ಗುಣದೋಷಗಳನ್ನು ಇದೇ ಕೆಲಸ ಮಾಡುವ ಯಾವ ಸಂಸ್ಥೆಯಲ್ಲಿಯಾದರೂ ಹುಡುಕಿ ನೋಡಬೇಕೆಂಬುದಷ್ಟೇ ನನ್ನ ಉದ್ದೇಶ.

ಮೊದಲು ಈ ನಾಯಿಗಳು ಎಲ್ಲಿಂದ ಬರುತ್ತವೆ ಎಂಬುದನ್ನು ಸ್ವಲ್ಪ ಹೇಳಬೇಕು. ಗ್ರೇಹೌಂಡ್ ತೀರ ಹಳೆಯ ತಳಿ, ವಾಸನೆಗಿಂತ ಹೆಚ್ಚಾಗಿ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿ. 1919ರಲ್ಲಿ ಕ್ಯಾಲಿಫೋರ್ನಿಯಾದ ಎಮರಿವಿಲ್‌ನಲ್ಲಿ ಓವೆನ್ ಪ್ಯಾಟ್ರಿಕ್ ಸ್ಮಿತ್ ಎಂಬವರು ಯಂತ್ರದ ಬಲದಿಂದ ಓಡುವ ಕೃತಕ ಮೊಲವನ್ನು ದುಂಡನೆಯ ಓಟದ ಅಂಗಳಕ್ಕೆ ತಂದ ಮೇಲೆ ಈಗಿನ ರೂಪದ ರೇಸ್ ಹುಟ್ಟಿತು. 1926ರಲ್ಲಿ ಮ್ಯಾಂಚೆಸ್ಟರ್‌ನ ಬೆಲ್ ವ್ಯೂ ಅಂಗಳದ ಮೂಲಕ ಅದು ಬ್ರಿಟನ್ನಿಗೂ ಬಂತು. ಈ ನಾಯಿಗಳು ಸುಮಾರು ಒಂದೂವರೆ ವರ್ಷದ ಪ್ರಾಯದಲ್ಲಿ ಓಡಲು ಶುರುಮಾಡಿ ನಾಲ್ಕೈದು ವರ್ಷಕ್ಕೆ, ಗಾಯವಾದರೆ ಇನ್ನೂ ಮೊದಲೇ, ಓಟದಿಂದ ಹೊರಬೀಳುತ್ತವೆ. ಗ್ರೇಹೌಂಡ್‌ನ ಆಯಸ್ಸು ಹತ್ತರಿಂದ ಹದಿನಾಲ್ಕು ವರ್ಷ. ಅಂದರೆ ಬದುಕಿನ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಅವಕ್ಕೆ ಬೇರೆಯೇ ಒಂದು ನೆಲೆ ಬೇಕು. 2018ರಲ್ಲಿ ಮಕಾವ್‌ನ ಓಟದ ಅಂಗಳ ಮುಚ್ಚಿದಾಗ 500ಕ್ಕೂ ಹೆಚ್ಚು ನಾಯಿಗಳಿಗೆ ಒಮ್ಮೆಲೇ ಮನೆ ಹುಡುಕಬೇಕಾಗಿ ಬಂತು. ದತ್ತು ಸಂಸ್ಥೆಗಳ ಹೆಗಲ ಮೇಲಿರುವ ಭಾರ ಎಂಥದೆಂಬುದು ಇದರಿಂದ ತಿಳಿಯುತ್ತದೆ. ಆ ಭಾರದ ಅರಿವಿಟ್ಟುಕೊಂಡೇ ನಾನು ತಪ್ಪುಗಳನ್ನು ಹೇಳುತ್ತಿದ್ದೇನೆ.

ಅರ್ಜಿಯ ಹಂತದಲ್ಲಿ ಈ ಸಂಸ್ಥೆ ತೋರಿದ ಎಚ್ಚರ ನನಗೆ ಬಹಳ ಹಿಡಿಸಿತು. ಮನೆಯಲ್ಲಿ ಯಾರ್‍ಯಾರಿದ್ದಾರೆ, ಮಕ್ಕಳ ವಯಸ್ಸೆಷ್ಟು, ದಿನದಲ್ಲಿ ಎಷ್ಟು ಹೊತ್ತು ಮನೆ ಖಾಲಿಯಿರುತ್ತದೆ, ಅಂಗಳದ ಬೇಲಿ ಎಷ್ಟು ಎತ್ತರ, ಗೇಟಿನ ಕೆಳಗೆ ಸಂದಿ ಇದೆಯೇ, ಮನೆಯಲ್ಲಿ ಬೆಕ್ಕಿದೆಯೇ ಎಂದು ಒಂದೊಂದನ್ನೂ ಬಿಡಿಬಿಡಿಯಾಗಿ ಕೇಳಿದರು. ಬಳಿಕ ಇಬ್ಬರು ಸ್ವಯಂಸೇವಕರು ಮನೆಗೆ ಬಂದರು. ಬರುವಾಗ ತಮ್ಮದೇ ಒಂದು ವಯಸ್ಸಾದ ಗ್ರೇಹೌಂಡನ್ನು ಕರೆತಂದಿದ್ದರು. ಅವರು ಗೋಡೆ, ಗೇಟುಗಳನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ನಮ್ಮ ಇಬ್ಬರು ಮಕ್ಕಳನ್ನು ನೋಡಿದರು ಎಂಬುದು ನನಗೆ ಆಮೇಲೆ ಹೊಳೆಯಿತು. ಆಗ ಏಳು ವರ್ಷದವನಾಗಿದ್ದ ಮಗ ಓಡಿಹೋಗಿ ಆ ನಾಯಿಯ ಕೊರಳನ್ನು ತಬ್ಬಿಕೊಂಡಾಗ ಅವರಲ್ಲೊಬ್ಬರು ಗದರಲಿಲ್ಲ; ಅವನ ಪಕ್ಕದಲ್ಲಿ ಕುಳಿತು, ನಾಯಿ ಮುಖ ಆಚೆ ತಿರುಗಿಸಿ ತುಟಿ ನೆಕ್ಕಿಕೊಂಡದ್ದನ್ನು ಬೆರಳು ತೋರಿಸಿ, ‘ಇದು ಅವಳು ಬೇಡ ಅನ್ನುವ ರೀತಿ’ ಎಂದು ಹೇಳಿಕೊಟ್ಟರು. ಆ ಪಾಠ ಮುಂದೆ ನಮ್ಮನ್ನು ಒಂದು ದೊಡ್ಡ ಅವಘಡದಿಂದ ಪಾರುಮಾಡಿತು.

ನಾವು ಚಿತ್ರಗಳನ್ನು ನೋಡಿ ಮೆಚ್ಚಿಕೊಂಡಿದ್ದು ಮುಗಿಲುವನ್ನಲ್ಲ. ಕಪ್ಪು ಬಿಳುಪು ಬಣ್ಣದ, ಗಂಭೀರ ಮುಖದ ಗಂಡುನಾಯಿಯೊಂದರ ಮೇಲೆ ಮಕ್ಕಳು ಮನಸ್ಸಿಟ್ಟಿದ್ದರು. ಸಂಯೋಜಕಿ ಅದನ್ನು ಕೊಡಲು ಒಪ್ಪಲಿಲ್ಲ. ನಮ್ಮ ಮನೆಯಲ್ಲಿ ಹನ್ನೊಂದು ವರ್ಷದ ಬೆಕ್ಕಿದೆ. ಆ ನಾಯಿ ಬೆಕ್ಕಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಲಿಲ್ಲ. ಈ ಪರೀಕ್ಷೆಯನ್ನು ಹೇಗೆ ಮಾಡುತ್ತಾರೆಂದು ನಾನು ವಿವರವಾಗಿ ಕೇಳಿ ತಿಳಿದುಕೊಂಡೆ. ನಾಯಿಗೆ ಬಾಯಿಕುಕ್ಕೆ ಹಾಕಿ, ಹಗ್ಗದಲ್ಲಿ ಹಿಡಿದು, ನಾಯಿಗಳಿಗೆ ಒಗ್ಗಿಕೊಂಡ ಶಾಂತ ಸ್ವಭಾವದ ಬೆಕ್ಕಿರುವ ಕೋಣೆಗೆ ಕರೆತರುತ್ತಾರೆ. ನಾಯಿ ನೋಡುವುದು ಸಹಜ. ಆದರೆ ನೋಟ ಅಲ್ಲಿಯೇ ಕೀಲಿಸಿ, ಕಿವಿ ನೆಟ್ಟಗಾಗಿ, ಮೈ ಬಿಗಿದು ನಡುಗತೊಡಗಿ, ಹೆಸರು ಹಿಡಿದು ಕರೆದರೂ ತಲೆ ತಿರುಗಿಸದಿದ್ದರೆ ಬೆಕ್ಕಿರುವ ಮನೆಗೆ ಆ ನಾಯಿ ಹೊಂದುವುದಿಲ್ಲ. ಮುಗಿಲು ಒಮ್ಮೆ ನೋಡಿ, ಮೂಸಿ, ಮುಖ ತಿರುಗಿಸಿಕೊಂಡಿದ್ದಳಂತೆ. ಮನೆಯೊಳಗೆ ಬೆಕ್ಕನ್ನು ಸಹಿಸಿದ ನಾಯಿ ಅಂಗಳದಲ್ಲಿ ಓಡುವ ಅದೇ ಬೆಕ್ಕನ್ನು ಬೇಟೆಯೆಂದು ತಿಳಿಯಬಹುದು ಎಂಬ ಎಚ್ಚರಿಕೆಯನ್ನೂ ಅವರು ಬರೆದೇ ಕೊಟ್ಟರು. ಹದಿನಾಲ್ಕು ತಿಂಗಳಾದರೂ ಇವರಿಬ್ಬರನ್ನು ಒಟ್ಟಿಗೆ ಹೊರಗೆ ಬಿಡುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಒಂದೇ ಕೋಣೆಯಲ್ಲಿಯೂ ಬಿಡುವುದಿಲ್ಲ. ನಮ್ಮ ಆಯ್ಕೆಯನ್ನು ತಳ್ಳಿಹಾಕಿದ ಈ ನಿಲುವನ್ನು ಈ ಸೇವೆಯ ಅತ್ಯುತ್ತಮ ಗುಣವೆಂದು ಈಗ ಎಣಿಸುತ್ತೇನೆ, ಆ ದಿನ ಮಕ್ಕಳು ಅತ್ತಿದ್ದರೂ ಕೂಡ.

ಮುಗಿಲುವನ್ನು ಕರೆತಂದ ದಿನ ಅವಳ ಜೊತೆಗೆ ಬಂದ ಚೀಲದಲ್ಲಿ ಕೊರಳಪಟ್ಟಿ, ಹಗ್ಗ, ಬಾಯಿಕುಕ್ಕೆ, ಚಳಿಯಂಗಿ, ಹತ್ತು ದಿನಗಳಿಗಾಗುವಷ್ಟು ಅವಳ ಹಳೆಯ ಆಹಾರ, ಮತ್ತು ಒಂದು ಕಡತ ಇದ್ದವು. ಚಳಿಯಂಗಿ ಅವಳಿಗೆ ಚಿಕ್ಕದಾಗಿತ್ತು, ಬೇರೆ ಕೊಂಡೆವು. ಕೊರಳಪಟ್ಟಿ ಚೆನ್ನಾಗಿತ್ತು. ಗ್ರೇಹೌಂಡ್‌ನ ತಲೆ ಸಪೂರ, ಕುತ್ತಿಗೆ ದಪ್ಪ. ಸಾಮಾನ್ಯ ಕೊರಳಪಟ್ಟಿಯಾದರೆ ಹೆದರಿ ಹಿಂದಕ್ಕೆ ಸರಿದ ನಾಯಿಯ ತಲೆಯಿಂದ ಸಲೀಸಾಗಿ ಜಾರಿಬಿಡುತ್ತದೆ. ಅದಕ್ಕೆಂದೇ ಎಳೆದಾಗ ತುಸು ಬಿಗಿಯಾಗಿ, ಬಿಟ್ಟಾಗ ಸಡಿಲಾಗುವ ಅಗಲವಾದ ಮಾರ್ಟಿಂಗೇಲ್ ಪಟ್ಟಿಯನ್ನು ಕೊಡುತ್ತಾರೆ. ಬಾಯಿಕುಕ್ಕೆ ಕಂಡು ಮಕ್ಕಳು ಬೆಚ್ಚಿದರೂ ಮುಗಿಲು ಬೆಚ್ಚಲಿಲ್ಲ. ಓಟದ ದಿನಗಳಿಂದ ಅದು ಅವಳಿಗೆ ರೂಢಿ, ಅದನ್ನು ತೊಟ್ಟೇ ನೀರು ಕುಡಿಯುತ್ತಾಳೆ.

ಆ ಕಡತದಲ್ಲಿದ್ದ ಒಂದು ಪುಟದ ಬಗ್ಗೆ ನಾನು ಹೆಚ್ಚು ಹೇಳಬೇಕು. ‘ನಿಮ್ಮ ಪಶುವೈದ್ಯರಿಗೆ’ ಎಂಬ ತಲೆಬರಹದ ಆ ಹಾಳೆಯಲ್ಲಿ ಗ್ರೇಹೌಂಡ್‌ನ ದೇಹ ಬೇರೆ ನಾಯಿಗಳ ದೇಹಕ್ಕಿಂತ ಯಾವ ಯಾವ ಬಗೆಯಲ್ಲಿ ಭಿನ್ನವೆಂದು ಬರೆದಿದ್ದರು. ಇವುಗಳ ರಕ್ತದಲ್ಲಿ ಕೆಂಪು ಕಣಗಳ ಪ್ರಮಾಣ ಹೆಚ್ಚು, ಶೇಕಡಾ 50ರಿಂದ 65ರವರೆಗೆ ಇರುವುದು ಸಾಮಾನ್ಯ, ಬಿಳಿ ಕಣ ಮತ್ತು ಪ್ಲೇಟ್‌ಲೆಟ್‌ಗಳ ಎಣಿಕೆ ಕಡಿಮೆ, ಮಾಂಸಖಂಡ ಹೆಚ್ಚಿರುವುದರಿಂದ ಕ್ರಿಯಾಟಿನಿನ್ ತುಸು ಮೇಲಿರುತ್ತದೆ, ಹೃದಯ ದೊಡ್ಡದು, ಥೈರಾಯ್ಡ್ ಹಾರ್ಮೋನಿನ ಮಟ್ಟ ಹುಟ್ಟುಗುಣದಿಂದಲೇ ಕೆಳಗಿರುತ್ತದೆ. ನಾಲ್ಕನೆಯ ತಿಂಗಳಲ್ಲಿ ಮುಗಿಲು ಕೆಲವು ದಿನ ಮಂಕಾಗಿದ್ದಾಗ ರಕ್ತಪರೀಕ್ಷೆ ಮಾಡಿಸಿದೆವು. ವರದಿಯಲ್ಲಿ ಥೈರಾಯ್ಡ್ ಕಡಿಮೆ ಎಂದು ಬಂತು, ಅದಕ್ಕೆ ದಿನನಿತ್ಯದ ಮಾತ್ರೆ ಶುರುಮಾಡುವ ಮಾತೂ ಬಂತು. ಆ ಹಾಳೆಯನ್ನು ಮುಂದಿಟ್ಟೆವು. ವೈದ್ಯರು ಓದಿ, ಇನ್ನೂ ಕೆಲವು ಪರೀಕ್ಷೆಗಳನ್ನು ಮಾಡಿಸಿ, ಥೈರಾಯ್ಡ್ ಸರಿಯಾಗಿದೆ ಎಂದು ತೀರ್ಮಾನಿಸಿದರು. ಮಂಕುತನಕ್ಕೆ ಕಾರಣ ಬಾಯಿಯೊಳಗಿತ್ತು, ಒಂದು ದವಡೆ ಹಲ್ಲು ಹಾಳಾಗಿತ್ತು. ಬೇಡದ ಔಷಧಿಯನ್ನು ಬದುಕಿಡೀ ನುಂಗಿಸುವುದರಿಂದ ಆ ಒಂದು ಹಾಳೆ ಅವಳನ್ನು ಉಳಿಸಿತು.

ಅರಿವಳಿಕೆಯ ಎಚ್ಚರಿಕೆಯೂ ಅದೇ ಹಾಳೆಯಲ್ಲಿತ್ತು. ಥಯೊಪೆಂಟಾಲ್‌ನಂಥ ಬಾರ್ಬಿಚುರೇಟ್ ಔಷಧಿಗಳನ್ನು ಗ್ರೇಹೌಂಡ್‌ನ ಯಕೃತ್ತು ಬಹಳ ನಿಧಾನವಾಗಿ ಒಡೆಯುತ್ತದೆ, ಮೈಯಲ್ಲಿ ಕೊಬ್ಬೂ ಕಡಿಮೆ. ಹೀಗಾಗಿ ಅವುಗಳಿಂದ ಎಚ್ಚರಗೊಳ್ಳಲು ತುಂಬ ಹೊತ್ತು ಹಿಡಿಯುತ್ತದೆ, ಅಪಾಯವೂ ಆಗಬಹುದು. ಶಸ್ತ್ರಚಿಕಿತ್ಸೆಯ ದಿನ ಎಲ್ಲವೂ ಸರಿಯಾಗಿದ್ದು, ಒಂದೆರಡು ದಿನಗಳ ನಂತರ ಗಾಯದ ಸುತ್ತ ರಕ್ತ ಒಸರುವ ಸ್ವಭಾವವೂ ಈ ತಳಿಯಲ್ಲಿದೆ. ಅದಕ್ಕೆ ಮುಂಚಿತವಾಗಿ ಕೊಡಬಹುದಾದ ಔಷಧಿಗಳಿವೆ. ಹಲ್ಲು ಕೀಳಿಸಿದಾಗ ಈ ಎರಡೂ ಮಾತುಗಳನ್ನು ವೈದ್ಯರೊಂದಿಗೆ ಮೊದಲೇ ಮಾತಾಡಿದ್ದರಿಂದ ನಾವು ಮೂರು ದಿನ ಎಲ್ಲಿ, ಏನನ್ನು ನೋಡುತ್ತಿರಬೇಕೆಂದು ತಿಳಿದಿದ್ದೆವು. ಬೇರೆ ಸಂಸ್ಥೆಯಿಂದ ಗ್ರೇಹೌಂಡ್ ತರುವವರು ಇಂಥದೊಂದು ಹಾಳೆಯನ್ನು ಕೇಳಿ ಪಡೆಯಬೇಕು. ಕೊಡದಿದ್ದರೆ ವೈದ್ಯರೊಂದಿಗೆ ಈ ವಿಷಯಗಳನ್ನು ತಾವಾಗಿಯೇ ಎತ್ತಬೇಕು.

ಇನ್ನು ಮನೆಯೊಳಗಿನ ಮೊದಲ ದಿನಗಳು. ಓಟದ ನಾಯಿ ಬೆಳೆಯುವುದು ಕೆನೆಲ್‌ನಲ್ಲಿ, ಎಂದರೆ ನಾಯಿಗಳನ್ನು ಇರಿಸುವ ಸಾಲುಗೂಡುಗಳಲ್ಲಿ, ಸಮನೆಲದ ಮೇಲೆ, ತನ್ನಂಥದೇ ನಾಯಿಗಳ ನಡುವೆ, ಗಡಿಯಾರ ಹಿಡಿದಂಥ ದಿನಚರಿಯಲ್ಲಿ. ಮೆಟ್ಟಿಲು, ಗಾಜಿನ ಬಾಗಿಲು, ಕನ್ನಡಿ, ನುಣುಪಾದ ನೆಲ, ಮಿಕ್ಸರ್‌ನ ಸದ್ದು, ಇವೊಂದೂ ಓಟದ ದಿನಗಳ ಅವಳ ಲೋಕದಲ್ಲಿ ಇರಲಿಲ್ಲ. ಸಂಸ್ಥೆ ಇದನ್ನು ಹೇಳಿತ್ತು. ಹೇಳಿದ್ದಕ್ಕೆ ತಕ್ಕಂತೆ ಗಾಜಿನ ಬಾಗಿಲಿಗೆ ಅವಳ ಕಣ್ಣಿನ ಮಟ್ಟದಲ್ಲಿ ಅಗಲ ಟೇಪ್ ಅಂಟಿಸಿದ್ದೆವು, ನಡೆದಾಡುವ ಜಾಗದಲ್ಲೆಲ್ಲ ಜಾರದ ರಬ್ಬರ್ ಚಾಪೆ ಹಾಸಿದ್ದೆವು. ಮೆಟ್ಟಿಲಿನ ಮುಂದೆ ಮಾತ್ರ ಅವಳು ಕಲ್ಲಾದಳು. ಒಬ್ಬರು ಮುಂದಿನ ಕಾಲನ್ನು ಒಂದೊಂದಾಗಿ ಎತ್ತಿ ಮೇಲಿನ ಮೆಟ್ಟಿಲಲ್ಲಿ ಇಟ್ಟು, ಇನ್ನೊಬ್ಬರು ಹಿಂದಿನಿಂದ ಆಸರೆ ಕೊಟ್ಟು, ಇಪ್ಪತ್ತೊಂಬತ್ತು ಕಿಲೋ ತೂಕದ ಆ ನಡುಗುವ ದೇಹವನ್ನು ಹತ್ತಿಸಿದ ಸಂಜೆಗಳು ನನಗಿನ್ನೂ ನೆನಪಿವೆ. ಹತ್ತುವುದನ್ನು ಐದು ದಿನಕ್ಕೆ ಕಲಿತಳು. ಇಳಿಯುವುದಕ್ಕೆ ಮೂರು ವಾರ ಬೇಕಾಯಿತು. ಮಲಮೂತ್ರದ ವಿಷಯದಲ್ಲಿ ನಾವು ಅಂಜಿದಷ್ಟು ಕಷ್ಟವಾಗಲಿಲ್ಲ. ಮಲಗುವ ಜಾಗವನ್ನು ಕೊಳಕು ಮಾಡದಿರುವುದು ಕೆನೆಲ್ ನಾಯಿಗಳ ರೂಢಿ, ಹೊತ್ತು ಹೊತ್ತಿಗೆ ಹೊರಗೆ ಕರೆದೊಯ್ದರೆ ಮನೆಯೇ ಮಲಗುವ ಜಾಗವೆಂದು ಅವಕ್ಕೆ ಬೇಗ ಅರ್ಥವಾಗುತ್ತದೆ.

ಆದರೆ ಸಂಸ್ಥೆ ಹೇಳದೆ ಬಿಟ್ಟ ಒಂದು ವಿಷಯ ನಮ್ಮನ್ನು ಒಂಬತ್ತು ವಾರ ಕಾಡಿತು. ಎರಡನೆಯ ವಾರದಲ್ಲಿ ನಾವು ನಾಲ್ವರೂ ಮೊದಲ ಬಾರಿಗೆ ನಲವತ್ತು ನಿಮಿಷ ಹೊರಗೆ ಹೋಗಿ ಬಂದೆವು. ಗೇಟಿನ ಹತ್ತಿರ ಬರುವಾಗಲೇ ಊಳು ಕೇಳಿಸುತ್ತಿತ್ತು. ಬಾಗಿಲಿನ ಒಳಮೈ ಉಗುರಿನಿಂದ ಕೆರೆದು ಹೋಗಿತ್ತು, ನೆಲವೆಲ್ಲ ಜೊಲ್ಲಿನಿಂದ ಒದ್ದೆಯಾಗಿತ್ತು, ಅವಳ ಒಂದು ಉಗುರು ಮುರಿದು ರಕ್ತ ಬರುತ್ತಿತ್ತು. ಅವಳು ನಮ್ಮನ್ನು ಕಂಡು ಕುಣಿಯಲಿಲ್ಲ, ಮೂಲೆಯಲ್ಲಿ ನಿಂತು ಏದುಸಿರು ಬಿಡುತ್ತಿದ್ದಳು. ಕಡತದಲ್ಲಿ ‘ಒಂಟಿಯಾಗಿರಬಲ್ಲಳು’ ಎಂದು ಸ್ಪಷ್ಟವಾಗಿ ಬರೆದಿತ್ತು. ಸಂಯೋಜಕಿಗೆ ಫೋನ್ ಮಾಡಿ ಅದು ಯಾವ ಆಧಾರದ ಮೇಲೆ ಬರೆದ ಮಾತೆಂದು ಕೇಳಿದೆ. ನಮ್ಮಲ್ಲಿಗೆ ಬರುವ ಮೊದಲು ಮುಗಿಲು ಒಂದು ತಿಂಗಳು ಇದ್ದ ತಾತ್ಕಾಲಿಕ ಪೋಷಕರ ಮನೆಯವರು ಹಾಗೆ ಬರೆದಿದ್ದರು. ಅದು ಸುಳ್ಳೂ ಅಲ್ಲ. ಆ ಮನೆಯವರು ಕೆಲಸಕ್ಕೆ ಹೋದಾಗ ಅವಳು ನಾಲ್ಕು ಗಂಟೆ ಸುಮ್ಮನೆ ಮಲಗಿರುತ್ತಿದ್ದಳು. ಆದರೆ ಆ ಮನೆಯಲ್ಲಿ ಬೇರೆ ಮೂರು ಗ್ರೇಹೌಂಡ್‌ಗಳಿದ್ದವು. ಮನುಷ್ಯರಿಲ್ಲದ ಮನೆಯಲ್ಲಿ ಅವಳು ಇದ್ದಳೇ ಹೊರತು ಒಂಟಿಯಾಗಿ ಎಂದೂ ಇರಲಿಲ್ಲ, ಹುಟ್ಟಿದಂದಿನಿಂದ ಒಂದು ಗಂಟೆಯೂ ಇರಲಿಲ್ಲ.

ಇದನ್ನು ಈ ಸೇವೆಯ ದೊಡ್ಡ ಕೊರತೆಯೆಂದು ನಾನು ತಿಳಿಯುತ್ತೇನೆ. ಪೋಷಕರ ಮನೆಯಲ್ಲಿ ಇಟ್ಟು ನೋಡುವ ಪದ್ಧತಿ ಒಳ್ಳೆಯದೇ. ನೇರವಾಗಿ ಕೆನೆಲ್‌ನಿಂದ ಕೊಡುವುದಕ್ಕಿಂತ ನೂರು ಪಾಲು ಮೇಲು. ಆದರೆ ಗ್ರೇಹೌಂಡ್‌ಗಳನ್ನು ಪ್ರೀತಿಸುವವರ ಮನೆಯಲ್ಲಿ ಸಾಮಾನ್ಯವಾಗಿ ಇನ್ನೊಂದು ಗ್ರೇಹೌಂಡ್ ಇದ್ದೇ ಇರುತ್ತದೆ, ಅಲ್ಲಿ ಬರೆದ ಟಿಪ್ಪಣಿ ಆ ಮನೆಗೆ ಸಲ್ಲುವ ಟಿಪ್ಪಣಿಯಾಗಿರುತ್ತದೆ. ಬೇರೆ ನಾಯಿಯಿಲ್ಲದ ಮನೆಗೆ ಕಳಿಸುವ ಮೊದಲು ಒಂದು ಕೋಣೆಯಲ್ಲಿ ಅವಳನ್ನಷ್ಟೇ ಬಿಟ್ಟು, ಹತ್ತು ನಿಮಿಷ, ಅರ್ಧ ಗಂಟೆ ಹೇಗಿರುತ್ತಾಳೆಂದು ಫೋನಿನ ಕ್ಯಾಮೆರಾದಲ್ಲಿ ನೋಡಿ ಬರೆದಿದ್ದರೆ ಸಾಕಿತ್ತು. ಮುಗಿಲುವಿನಂಥ ನಾಯಿಯನ್ನು ನಾವು ಬೇಡವೆನ್ನುತ್ತಿರಲಿಲ್ಲ. ಮೊದಲ ದಿನದಿಂದಲೇ ಬೇರೆ ರೀತಿಯಲ್ಲಿ ಶುರುಮಾಡುತ್ತಿದ್ದೆವು, ಆ ನಲವತ್ತು ನಿಮಿಷಗಳ ಭಯವನ್ನು ಅವಳು ಅನುಭವಿಸಬೇಕಿರಲಿಲ್ಲ.

ಆ ನಂತರ ಸಂಸ್ಥೆ ನಡೆದುಕೊಂಡ ರೀತಿಯನ್ನು ಅಷ್ಟೇ ಪ್ರಾಮಾಣಿಕವಾಗಿ ಹೇಳಬೇಕು. ಸಂಯೋಜಕಿ ಮಾತು ತಿರುಚಲಿಲ್ಲ, ತಪ್ಪಾಯಿತೆಂದು ಹೇಳಿದರು. ‘ಇನ್ನೊಂದು ನಾಯಿ ತೆಗೆದುಕೊಳ್ಳಿ’ ಎಂಬ ಸುಲಭದ ಸಲಹೆಯನ್ನೂ ಕೊಡಲಿಲ್ಲ. ನಾಯಿಗಳ ವರ್ತನೆಯನ್ನು ಬಲ್ಲ ತಮ್ಮವರೊಬ್ಬರನ್ನು ನಮಗೆ ಗೊತ್ತುಮಾಡಿಕೊಟ್ಟರು. ಅವರು ವಾರಕ್ಕೆರಡು ಬಾರಿ ಫೋನ್ ಮಾಡಿ, ನಾವು ಕಳಿಸಿದ ವಿಡಿಯೊಗಳನ್ನು ನೋಡಿ ಹೆಜ್ಜೆಹೆಜ್ಜೆಗೂ ದಾರಿ ತೋರಿಸಿದರು. ಬೀಗದ ಕೈ ಎತ್ತಿಕೊಳ್ಳುವುದು, ಆದರೆ ಹೋಗದಿರುವುದು. ಬಾಗಿಲು ತೆರೆದು ಮುಚ್ಚುವುದು, ಆದರೆ ಒಳಗೇ ಇರುವುದು. ಆಮೇಲೆ ಐದು ಸೆಕೆಂಡು ಹೊರಗೆ, ಹತ್ತು ಸೆಕೆಂಡು, ಒಂದು ನಿಮಿಷ. ಅವಳು ಏದುಸಿರು ಬಿಡಲು ಶುರುಮಾಡುವ ಮೊದಲೇ ಒಳಗೆ ಬರಬೇಕು ಎಂಬುದೊಂದೇ ನಿಯಮ. ಆ ಒಂಬತ್ತು ವಾರ ಅವಳನ್ನು ಪೂರ್ತಿ ಒಂಟಿಯಾಗಿ ಬಿಡಲಿಲ್ಲ. ನಾನೂ ನನ್ನ ಪತಿಯೂ ಕೆಲಸದ ಹೊತ್ತುಗಳನ್ನು ಹೊಂದಿಸಿಕೊಂಡೆವು, ಮಿಕ್ಕ ದಿನ ಅತ್ತೆಯವರು ಬಂದು ಕೂರುತ್ತಿದ್ದರು. ಒಂಬತ್ತನೆಯ ವಾರದ ಕೊನೆಗೆ ಅವಳು ಎರಡು ಗಂಟೆ ಮಲಗಿಯೇ ಕಳೆದಳು. ಕುಟುಂಬದಲ್ಲಿ ಇಷ್ಟು ಕೈಗಳಿಲ್ಲದವರು ಏನು ಮಾಡಬೇಕೆಂಬ ಯೋಚನೆ ನನ್ನನ್ನು ಈಗಲೂ ಬಿಟ್ಟಿಲ್ಲ.

ಇದೇ ಕಾರಣಕ್ಕೆ ದತ್ತು ಖಾಯಂ ಆಗುವ ಮೊದಲು ಸಂಸ್ಥೆ ಕೊಡುವ ಎರಡು ವಾರಗಳ ಪ್ರಾಯೋಗಿಕ ಅವಧಿ ತೀರ ಕಡಿಮೆಯೆಂದು ನನ್ನ ಖಚಿತ ಅಭಿಪ್ರಾಯ. ಹೊಸ ಮನೆಗೆ ಬಂದ ನಾಯಿ ಮೂರು ದಿನ ದಿಗ್ಭ್ರಮೆಯಲ್ಲಿರುತ್ತದೆ, ಮೂರು ವಾರಕ್ಕೆ ದಿನಚರಿ ಹಿಡಿಯುತ್ತದೆ, ಮೂರು ತಿಂಗಳಿಗೆ ಮನೆಯದಾಗುತ್ತದೆ ಎಂದು ಈ ಕೆಲಸದಲ್ಲಿರುವವರೇ ಹೇಳುತ್ತಾರೆ. ಹಾಗಿರುವಾಗ ಹದಿನಾಲ್ಕನೆಯ ದಿನ ಸಹಿ ಹಾಕುವ ಕುಟುಂಬಕ್ಕೆ ತನ್ನ ನಾಯಿಯ ನಿಜಸ್ವಭಾವ ತಿಳಿದಿರುವುದಿಲ್ಲ. ಎಂಟು ವಾರವಾದರೂ ಬೇಕು. ಸಾಕಲಾಗದಿದ್ದರೆ ಎಷ್ಟು ವರ್ಷಗಳ ನಂತರವಾದರೂ ನಾಯಿಯನ್ನು ತಮಗೇ ಮರಳಿಸಬೇಕು, ಬೇರೆಯವರಿಗೆ ಕೊಡಬಾರದು ಎಂಬ ಷರತ್ತು ಒಪ್ಪಂದದಲ್ಲಿದೆ. ಅದು ಒಳ್ಳೆಯ ಷರತ್ತು, ನಾಯಿಯನ್ನು ಬೀದಿಪಾಲಾಗದಂತೆ ಕಾಯುತ್ತದೆ.

ಇನ್ನೊಂದು ತಪ್ಪನ್ನು ನಾನು ಅಷ್ಟು ಸುಲಭವಾಗಿ ಮನ್ನಿಸಲಾರೆ. ಯಾರ ನಾಯಿಯೆಂದು ತಿಳಿಯಲು ಚರ್ಮದಡಿ ಇಟ್ಟಿರುವ ಅವಳ ಮೈಕ್ರೊಚಿಪ್‌ನ ನೋಂದಣಿ ನಮ್ಮ ಹೆಸರಿಗೆ ಬದಲಾದದ್ದು ಮೂರು ವಾರಗಳ ನಂತರ, ಅದೂ ನಾನು ಎರಡು ಸಲ ಕೇಳಿದ ಮೇಲೆ. ಮನೆಯ ಗುರುತೂ ದಾರಿಯ ಗುರುತೂ ಇಲ್ಲದ ಮೊದಲ ವಾರಗಳಲ್ಲಿಯೇ ನಾಯಿ ತಪ್ಪಿಸಿಕೊಳ್ಳುವ ಸಂಭವ ಹೆಚ್ಚು. ಗ್ರೇಹೌಂಡ್ ಗಂಟೆಗೆ 70 ಕಿಲೋಮೀಟರ್‌ವರೆಗಿನ ವೇಗದಲ್ಲಿ ಓಡಬಲ್ಲದು, ನಾವು ಹೆಸರು ಕೂಗುವಷ್ಟರಲ್ಲಿ ಕಣ್ಮರೆಯಾಗಿರುತ್ತದೆ. ಕಿವಿಯೊಳಗೆ ಹಚ್ಚೆ ಹಾಕಿದ ಗುರುತು ಅವಳಿಗಿತ್ತು, ಆದರೆ ಅದನ್ನು ಓದಿ ಮನೆ ಹುಡುಕಬಲ್ಲವರು ಎಷ್ಟು ಜನ? ಕೊರಳಿಗೆ ನಮ್ಮ ಫೋನ್ ಸಂಖ್ಯೆಯ ಬಿಲ್ಲೆಯನ್ನು ಆ ದಿನವೇ ಮಾಡಿಸಿ ಹಾಕಿದೆವು. ಚಿಪ್‌ನ ಕಾಗದವನ್ನು ನಾಯಿಯ ಜೊತೆಗೇ ಕೊಡಬೇಕು. ಇದರಲ್ಲಿ ಎರಡು ಮಾತಿಲ್ಲ.

ಹೊರಗೆ ಅವಳನ್ನು ಬೇಲಿಯಿಲ್ಲದ ಜಾಗದಲ್ಲಿ ಹಗ್ಗ ಬಿಚ್ಚಿ ಬಿಡುವುದಿಲ್ಲ. ಎಷ್ಟೇ ತರಬೇತಿಯಾದರೂ ದೂರದಲ್ಲಿ ಏನೋ ಓಡಿದ್ದು ಕಂಡರೆ ಆ ಕ್ಷಣ ಅವಳಿಗೆ ನಮ್ಮ ದನಿ ಕೇಳುವುದಿಲ್ಲ, ಅದು ಅವಳ ಅವಿಧೇಯತೆಯೂ ಅಲ್ಲ. ಉದ್ದವಾಗಿ ಬಿಚ್ಚಿಕೊಳ್ಳುವ ಹಗ್ಗವನ್ನಂತೂ ಬಳಸಲೇಬಾರದು ಎಂದು ಸಂಸ್ಥೆ ಹೇಳಿದ್ದು ಸರಿಯಾದ ಮಾತು. ಅದರ ಕೊನೆ ಮುಟ್ಟುವಷ್ಟರಲ್ಲಿ ನಾಯಿ ಪೂರ್ತಿ ವೇಗಕ್ಕೆ ಬಂದಿರುತ್ತದೆ, ಕುತ್ತಿಗೆಗೂ ನಮ್ಮ ಕೈಗೂ ಪೆಟ್ಟು ತಪ್ಪಿದ್ದಲ್ಲ. ಗ್ರೇಹೌಂಡ್‌ಗೆ ದಿನವಿಡೀ ಓಟ ಬೇಕೆಂದು ತಿಳಿದವರು ಬಹಳ. ಮುಗಿಲುವಿಗೆ ದಿನಕ್ಕೆರಡು ಸಲ ಅರ್ಧ ಗಂಟೆಯ ನಡಿಗೆ, ಬೇಲಿಯೊಳಗೆ ವಾರಕ್ಕೊಮ್ಮೆ ಒಂದೆರಡು ಸುತ್ತಿನ ಓಟ ಸಾಕು. ಉಳಿದ ಹೊತ್ತೆಲ್ಲ ನಿದ್ದೆ. ನಾಲ್ಕೂ ಕಾಲು ಆಕಾಶಕ್ಕೆತ್ತಿ, ಬೆನ್ನಮೇಲೆ ಮಲಗಿ, ಬಾಯಿ ತೆರೆದುಕೊಂಡು ನಿದ್ದೆಹೋಗುವ ಅವಳನ್ನು ನೋಡುವುದು ನಮ್ಮ ಮನೆಯ ದೊಡ್ಡ ಸಂತೋಷಗಳಲ್ಲೊಂದು. ಎಲುಬಿಗೆ ಮಾಂಸದ ಹೊದಿಕೆ ಕಡಿಮೆಯಾದ್ದರಿಂದ ದಪ್ಪ ಹಾಸಿಗೆ ಕಡ್ಡಾಯ. ಆ ಒಂದು ಖರ್ಚಿನಲ್ಲಿ ಕೈ ಹಿಡಿಯಬಾರದು.

ನಿದ್ದೆಯ ಮಾತು ಬಂದದ್ದರಿಂದ ಮಕ್ಕಳ ವಿಷಯವನ್ನೂ ಹೇಳಿಬಿಡುತ್ತೇನೆ. ಅನೇಕ ಗ್ರೇಹೌಂಡ್‌ಗಳು ಕಣ್ಣು ತೆರೆದೇ ನಿದ್ದೆಮಾಡುತ್ತವೆ. ಎಚ್ಚರವಾಗಿದೆಯೆಂದು ತಿಳಿದು ಮುಟ್ಟಿದರೆ ಬೆಚ್ಚಿ ಕಚ್ಚಲೂಬಹುದು. ಮಲಗಿದ ನಾಯಿಯನ್ನು ಮುಟ್ಟಬಾರದು, ಹೆಸರು ಕರೆದು ಅದೇ ಎದ್ದು ಬರುವವರೆಗೆ ಕಾಯಬೇಕು, ಹಾಸಿಗೆ ಅವಳೊಬ್ಬಳ ಜಾಗ ಎಂಬ ನಿಯಮವನ್ನು ಮನೆ ನೋಡಲು ಬಂದ ದಿನವೇ ಸಂಸ್ಥೆ ಮಕ್ಕಳಿಂದ ಬಾಯಿಪಾಠ ಮಾಡಿಸಿತ್ತು. ಆದರೂ ಮೂರನೆಯ ತಿಂಗಳಲ್ಲಿ ಒಮ್ಮೆ ಮಗ ಮೈಮರೆತು ಅವಳ ಹಾಸಿಗೆಯ ಮೇಲೆ ಬಾಗಿದ. ಅವಳು ಗುರ್ ಎಂದಳು, ತುಟಿ ಮೇಲೆತ್ತಿದಳು. ಅವನು ಹಿಂದಕ್ಕೆ ಸರಿದು, ಕೈ ಕಟ್ಟಿ ನಿಂತು, ನನ್ನನ್ನು ಕರೆದು, ‘ಅಮ್ಮ, ಅವಳು ಬೇಡ ಅಂದ್ಲು’ ಎಂದ. ಆ ಗುರ್‌ಗೆ ನಾವು ಅವಳನ್ನು ಗದರಿಸಲಿಲ್ಲ. ಎಚ್ಚರಿಕೆ ಕೊಡುವ ನಾಯಿಯ ಬಾಯಿ ಮುಚ್ಚಿಸಿದರೆ ಮುಂದಿನ ಸಲ ಅದು ಎಚ್ಚರಿಕೆ ಕೊಡದೆಯೇ ಕಚ್ಚುತ್ತದೆ ಎಂಬುದೂ ಅವರೇ ಕಲಿಸಿದ್ದು. ಹಾಸಿಗೆಯನ್ನು ಓಡಾಟವಿಲ್ಲದ ಮೂಲೆಗೆ ಸರಿಸಿ ಮುಂದೆ ಒಂದು ತಗ್ಗಾದ ಅಡ್ಡಗಟ್ಟೆ ಇಟ್ಟೆವು. ತೀರ ಸಣ್ಣ ಮಕ್ಕಳಿರುವ, ದೊಡ್ಡವರ ಕಣ್ಣು ಸದಾ ಇರಲಾಗದ ಮನೆಗೆ ಗ್ರೇಹೌಂಡನ್ನು ನಾನು ಶಿಫಾರಸು ಮಾಡುವುದಿಲ್ಲ, ಈ ನಾಯಿಗಳು ಎಷ್ಟೇ ಸಾಧುವಾಗಿದ್ದರೂ.

ದೇಹದ ಆರೈಕೆಯಲ್ಲಿ ಗಮನಿಸಬೇಕಾದವು ಕೆಲವಿವೆ. ಕೊನೆಯ ಒಂದೆರಡು ಪಕ್ಕೆಲುಬು ಕಾಣುವುದು ಈ ತಳಿಗೆ ಆರೋಗ್ಯದ ಲಕ್ಷಣ. ದಾರಿಯಲ್ಲಿ ಹೋಗುವವರು ಊಟ ಹಾಕುವುದಿಲ್ಲವೇ ಎಂದು ಕೇಳಿದರೆ ನೊಂದುಕೊಂಡು ಹೆಚ್ಚು ಹಾಕಬಾರದು. ಆಹಾರ ಬದಲಿಸುವಾಗ ವಾರ, ಹತ್ತು ದಿನ ಹಳೆಯದರೊಂದಿಗೆ ಬೆರೆಸುತ್ತ ಬರಬೇಕು. ಚರ್ಮ ತೆಳು, ಮುಳ್ಳುತಂತಿಗೆ ಉಜ್ಜಿದರೂ ಸೀಳುತ್ತದೆ. ಹಲ್ಲು ಬೇಗ ಕೆಡುತ್ತದೆ, ದಿನವೂ ಉಜ್ಜಬೇಕು. ಚಳಿಯನ್ನೂ ಬಿಸಿಲನ್ನೂ ಈ ತೆಳು ಮೈ ತಡೆಯುವುದಿಲ್ಲ. ಅಂಗಾಲಿನ ಮೆತ್ತೆಯಲ್ಲಿ ಆಣಿ ಏಳುವುದು ಇವುಗಳಲ್ಲಿ ಸಾಮಾನ್ಯ, ಗಟ್ಟಿನೆಲದಲ್ಲಿ ಕುಂಟಿ ಹುಲ್ಲಿನಲ್ಲಿ ಸರಿಯಾಗಿ ನಡೆದರೆ ಮೊದಲು ಅಂಗಾಲನ್ನು ನೋಡಬೇಕು. ಹಾಗೆಂದು ವಾಸಿಯಾಗದ ಕುಂಟನ್ನು ಉಳುಕೆಂದು ಮುಂದೂಡಬಾರದು. ಮೂಳೆ ಕ್ಯಾನ್ಸರ್ ಈ ತಳಿಯನ್ನು ಹೆಚ್ಚಾಗಿ ಕಾಡುವ ಕಾಯಿಲೆ, ಎಕ್ಸ್‌ರೇ ಬೇಗ ಆಗಬೇಕು. ಕೊನೆಯ ಈ ಮಾತು ಸಂಸ್ಥೆಯ ಕಡತದಲ್ಲಿ ಇರಲಿಲ್ಲ. ದತ್ತು ಪಡೆಯುವವರು ಹೆದರಿಯಾರೆಂದು ಬಿಟ್ಟಿದ್ದರೆ ಅದು ಸರಿಯಲ್ಲ. ಎಂಟು ವರ್ಷ ಜೊತೆಗಿರಲು ಬರುವವರಿಗೆ ಇದನ್ನೂ ತಿಳಿಯುವ ಹಕ್ಕಿದೆ.

ಆಯ್ಕೆಯಲ್ಲಿ ತೋರಿದ ವಿವೇಕಕ್ಕೆ, ವೈದ್ಯರಿಗೆ ಬರೆದ ಆ ಹಾಳೆಗೆ, ಒಂಬತ್ತು ವಾರ ಕೈಬಿಡದ ಫೋನ್ ಕರೆಗಳಿಗೆ ನಾನು ಈ ಸೇವೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಮೈಕ್ರೊಚಿಪ್‌ಗೂ, ಪರೀಕ್ಷಿಸದೆ ಬರೆದ ಆ ‘ಒಂಟಿಯಾಗಿರಬಲ್ಲಳು’ ಎಂಬ ಮಾತಿಗೂ ಸೇರಿದ್ದು. ವರ್ಷ ತುಂಬಿದಾಗ ಸಂಯೋಜಕಿ ವಾಡಿಕೆಯಂತೆ ಫೋನ್ ಮಾಡಿದರು. ಪೋಷಕರ ಮನೆಯ ಟಿಪ್ಪಣಿಯಲ್ಲಿ ಬೇರೆ ನಾಯಿಯಿಲ್ಲದ ಕೋಣೆಯಲ್ಲಿ ಎಷ್ಟು ಹೊತ್ತು ಇತ್ತು ಎಂಬ ಸಾಲನ್ನು ಸೇರಿಸಬೇಕೆಂದು ನಾವು ಬರೆದ ಪತ್ರ ಅವರ ಮುಂದಿತ್ತು. ಆ ಸಾಲನ್ನು ಸೇರಿಸಿದ್ದೇವೆ ಎಂದರು. ಆಮೇಲೆ ಮುಗಿಲು ಈಗ ಒಬ್ಬಳೇ ಎಷ್ಟು ಹೊತ್ತು ಇರುತ್ತಾಳೆಂದು ಕೇಳಿದರು. ನಾಲ್ಕು ಗಂಟೆ, ಬಹುಪಾಲು ನಿದ್ದೆಯಲ್ಲಿ, ಎಂದೆ. ಅವರು ಅದನ್ನು ಬರೆದುಕೊಂಡರು.